ಕಂತಿನ ಮನೆ, ಕೆಂಗೇರಿ ಸ್ಟೇಷನ್ ಹತ್ತಿರ

ಸರ್ಕಾರಕ್ಕೆ ನನ್ನ ಮೇಲೆ ಅಷ್ಟೊಂದು ನಂಬಿಕೆ ಯಾಕೆ ಬಂತು ಎನ್ನುವುದು ನನಗೆ ಇವತ್ತಿಗೂ ಕುತೂಹಲ. ಮಗಳನ್ನು ಕೊಟ್ಟ ಮಾವನವರಿಗೇ ಇರಲಿಲ್ಲ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರು ಗೊತ್ತಿದ್ದ ಗಿರಾಕಿಗೂ ಒಂದು ಟವೆಲ್ ಸಾಲ ಕೊಡುತ್ತಿರಲಿಲ್ಲ. ಸರ್ಕಾರವೋ, ನನ್ನ ಮುಖವನ್ನೇ ನೋಡದೆ, ತನ್ನ ದುಡ್ಡಿನಲ್ಲಿ ಮನೆ ಕಟ್ಟಿ, ಬೀಗದ ಕೈ ಕೊಟ್ಟು, ನಿಧಾನವಾಗಿ ಕಂತಿನಲ್ಲಿ ತೀರಿಸಪ್ಪಾ ಎಂದಿತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನೂ ನನ್ನ ಹೆಂಡತಿ ಗಿರಿಜೆಯೂ ಬೆಂಗಳೂರಿನ ಬಿನ್ನಿಪೇಟೆಯ ಒಂದು ವಠಾರದಲ್ಲಿದ್ದೆವು. ಹೊಸ ಮನೆ ಇದ್ದದ್ದು ಕೆಂಗೇರಿ ರೈಲ್ವೆ ಸ್ಟೇಷನ್ನಿನ ಹತ್ತಿರ, ರಾಗಿ ಹೊಲಗಳು ಬಡಾವಣೆಯಾಗುತ್ತಿದ್ದ ಬಯಲಲ್ಲಿ. ಹಿಂದಿನವರು ಊರು ಕಟ್ಟುವಾಗ ಮೊದಲು ಕೆರೆ ನೋಡುತ್ತಿದ್ದರಂತೆ; ಇವರೇಕೆ ರೈಲು ಕಂಬಿ ನೋಡಿದರು ಎಂದು ಅಲ್ಲಿನ ಇಂಜಿನಿಯರನ್ನು ಕೇಳಿದೆ. "ರೈಲು ಇರೋ ಕಡೆ ಮನೆ ಕಟ್ಟಿದ್ರೆ ಜನ ಬರ್ತಾರೆ ಸಾರ್. ಜನ ಬಂದ್ಮೇಲೆ ಉಳಿದಿದ್ದೆಲ್ಲ ಬರತ್ತೆ," ಎಂದರು. ಉಳಿದದ್ದು ಎಂದರೇನು ಎಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ.

ಹೋದ ಮೇಲೆ ತಿಳಿಯಿತು. ನಲ್ಲಿ ಬಂದಿತ್ತು, ದೀಪ ಬಂದಿತ್ತು. ತರಕಾರಿ ಅಂಗಡಿ, ಹೊತ್ತಿಗೆ ಸರಿಯಾದ ಬಸ್ಸು, ಡಾಕ್ಟರು, ಇವೆಲ್ಲ ಉಳಿದದ್ದರಲ್ಲಿ ಸೇರಿದ್ದವು.

ನಮಗೆ ಹಾಲು ಕೊಡುತ್ತಿದ್ದವರು ಪಕ್ಕದ ಹಳ್ಳಿಯ ಕೆಂಪಮ್ಮ. ನಮ್ಮ ಮನೆ ಎದ್ದ ಜಾಗ ಮುಂಚೆ ಅವರ ಹೊಲ. ಪರಿಹಾರ ತೆಗೆದುಕೊಂಡಿದ್ದರೂ ಅದನ್ನು ದಿನಾ ಒಮ್ಮೆ ನೋಡಿ ಹೋಗದಿದ್ದರೆ ಅವರಿಗೆ ಸಮಾಧಾನವಿಲ್ಲ. ಹಾಲು ಒಂದು ನೆವ. ನಾವು ಹಾಕಿದ್ದ ಮಲ್ಲಿಗೆ ಗಿಡದ ಬುಡವನ್ನು ಕೆದಕಿ, ಮಣ್ಣು ಮೂಸಿ ಹೋಗುತ್ತಿದ್ದರು.

ಬಾಣಂತನಕ್ಕೆಂದು ಮಾವನವರು ಬಂದು ಗಿರಿಜೆಯನ್ನು ಕರೆದೊಯ್ಯುವ ಮೊದಲೇ, ಎಣಿಸಿದ್ದಕ್ಕಿಂತ ಮುಂಚೆ, ಒಂದು ಬೆಳಿಗ್ಗೆ ನೋವು ಶುರುವಾಯಿತು. ಬೆಳಗಿನ ಪ್ಯಾಸೆಂಜರ್ ರೈಲು ಆಗಲೇ ಹೊರಟುಹೋಗಿತ್ತು. ನಾನು ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದೆ. ಹಾಲು ತಂದ ಕೆಂಪಮ್ಮ ಪಾತ್ರೆ ಕೆಳಗಿಟ್ಟು, ಗಿರಿಜೆಯ ತೋಳು ಹಿಡಿದು ಸ್ಟೇಷನ್ನಿಗೆ ನಡೆಸಿಯೇಬಿಟ್ಟರು. ಅಲ್ಲಿ ಬೆಂಗಳೂರಿನ ಕಡೆಗೆ ಹೊರಟ ಒಂದು ಗೂಡ್ಸ್ ಗಾಡಿ ನಿಂತಿತ್ತು. ಗೂಡ್ಸ್‌ನಲ್ಲಿ ಜನರನ್ನು ಹತ್ತಿಸುವಂತಿಲ್ಲ ಎಂದು ಸ್ಟೇಷನ್ ಮಾಸ್ಟರು ಸಂಕಟದಿಂದಲೇ ಹೇಳಿದರು.

"ನಮ್ಮೊಲ್ದಾಗೆ ಮನೆ ಕಟ್ಟುದ್ರಿ, ಸರಿ. ಡಾಕ್ಟರ್ನ ಎಲ್ಲಿ ಮಡಗಿದೀರಿ ಸ್ವಾಮಿ?" ಎಂದರು ಕೆಂಪಮ್ಮ.

ಮನೆ ಕಟ್ಟಿದವರು ಬೇರೆ, ನಾನು ರೈಲ್ವೆಯವನು ಎಂದು ಸ್ಟೇಷನ್ ಮಾಸ್ಟರು ಹೇಳಬಹುದಾಗಿತ್ತು. ಅದರ ಬದಲು ಗಾರ್ಡಿನ ಮುಖ ನೋಡಿದರು. ಗಾರ್ಡು ಗಾಡಿಯ ಕೊನೆಯಲ್ಲಿದ್ದ ತಮ್ಮ ಡಬ್ಬಿಯಲ್ಲಿ ಪೆಟ್ಟಿಗೆ ಸರಿಸಿ ನಮಗೆ ಜಾಗ ಮಾಡಿದರು. ದಾರಿಯುದ್ದಕ್ಕೂ ಕೆಂಪಮ್ಮ ಗಿರಿಜೆಯ ಬೆನ್ನು ನೀವುತ್ತಿದ್ದರು. ನಾನು ದೇವರಿಗಿಂತ ಹೆಚ್ಚಾಗಿ ಸಿಗ್ನಲ್ ಕಂಬಗಳನ್ನೇ ಬೇಡಿಕೊಂಡೆ. ಯಾವ ಕಂಬವೂ ನಮ್ಮನ್ನು ತಡೆಯಲಿಲ್ಲ. ಬೆಂಗಳೂರು ಸ್ಟೇಷನ್ನಿನಿಂದ ಆಟೋದಲ್ಲಿ ಆಸ್ಪತ್ರೆ ಸೇರಿದೆವು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು. ಸಣ್ಣದು, ಆದರೆ ಗಂಟಲು ದೊಡ್ಡದು.

ಕೆಲವು ದಿನದ ಮೇಲೆ ನಾವಿಬ್ಬರೂ ಮಗುವೂ, ಮೂವರೂ, ಕೆಂಗೇರಿಯಲ್ಲಿ ಪ್ಯಾಸೆಂಜರ್ ಇಳಿದೆವು. ಸ್ಟೇಷನ್ ಮಾಸ್ಟರಿಗೆ ಟಿಕೆಟ್ ಕೊಟ್ಟೆ. ಅವರು ಮಗುವನ್ನು ಬಗ್ಗಿ ನೋಡಿ, ನೀವು ಯಾವ ಕಡೆಯವರು ಎಂದು ನಮ್ಮನ್ನು ವಿಚಾರಿಸಿದರು. ನಾನು ತಿಪಟೂರು ಎಂದೆ, ಗಿರಿಜೆ ದಾವಣಗೆರೆ ಎಂದಳು.

"ಹಾಗಾದ್ರೆ ನಿಮ್ಮನೇಲಿ ಕೆಂಗೇರಿಯೋಳು ಇವಳೊಬ್ಬಳೇ," ಎಂದು ಅವರು ಮಗುವಿಗೆ ದಾರಿ ಬಿಟ್ಟರು. ನಾವಿಬ್ಬರು ಅವಳ ಹಿಂದೆ, ನೆಂಟರಂತೆ, ಊರೊಳಗೆ ಬಂದೆವು.