ಶಾಲೆಯೊಳಗಿನ ಟಗರು

ಮಕ್ಕಳೇ, ನಾನು ಚಿಕ್ಕವನಿದ್ದಾಗ ಬೇಸಿಗೆ ರಜೆ ಬಂತೆಂದರೆ ನಮ್ಮೂರ ಶಾಲೆಯ ಬೀಗದ ಕೈ ಅಪ್ಪನ ಉಡಿದಾರಕ್ಕೆ ಬಂದು ಸೇರುತ್ತಿತ್ತು. ಮೇಷ್ಟ್ರು ಯಲಹಂಕದ ಕಡೆಯವರು, ರಜೆಯಲ್ಲಿ ಈ ಕಡೆ ತಲೆಯೇ ಹಾಕುತ್ತಿರಲಿಲ್ಲ. ಶಾಲೆಗೆ ಅಂಟಿಕೊಂಡ ಮನೆ ನಮ್ಮದಾದ್ದರಿಂದ ಅಪ್ಪನದೇ ಕಾವಲು. ಹುಣಸಮಾರನಹಳ್ಳಿ ದಾಟಿ ಒಂದಿಷ್ಟು ಒಳಗೆ ಹೋದರೆ ನಮ್ಮೂರು. ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರಿನ ಕಿಟಕಿಯಲ್ಲಿ ನೀವು ಗಾಜಿನ ಕಟ್ಟಡಗಳನ್ನು ನೋಡುತ್ತೀರಲ್ಲ, ಅವುಗಳ ಹಿಂದೆ ಎಲ್ಲೋ. ಆಗ ಅಲ್ಲಿ ಇದ್ದದ್ದು ರಾಗಿ ಹೊಲ, ಹುಣಸೆ ಮರ, ಹೆಂಚು ಹೊದಿಸಿದ ಒಂದು ಕೋಣೆಯ ಶಾಲೆ.

ಅಷ್ಟು ಗಟ್ಟಿ ಕಟ್ಟಡ ಎರಡು ತಿಂಗಳು ಖಾಲಿ ಬಿದ್ದಿರುವುದನ್ನು ನಮ್ಮೂರಿನವರು ಸಹಿಸುತ್ತಿರಲಿಲ್ಲ. ಒಂದು ವರ್ಷ ಅದರೊಳಗೆ ಹುಣಸೆಹಣ್ಣು ಹರಡಿದ್ದರು. ಇನ್ನೊಂದು ವರ್ಷ ರೇಷ್ಮೆ ಹುಳುವಿನ ತಟ್ಟೆಗಳನ್ನು ಜೋಡಿಸಿದ್ದರಂತೆ, ಶಾಲೆ ಶುರುವಾಗಿ ತಿಂಗಳಾದರೂ ಗೋಡೆಯಿಂದ ಆ ವಾಸನೆ ಹೋಗಿರಲಿಲ್ಲವಂತೆ. ನಾನು ಒಂದನೇ ತರಗತಿಗೆ ಸೇರಬೇಕಾಗಿದ್ದ ವರ್ಷ ಅಪ್ಪ ತನ್ನ ಟಗರನ್ನು ತಂದು ಅಲ್ಲಿ ಕಟ್ಟಿದ.

ಅದು ಕಾಳಗದ ಟಗರು. ಯಲಹಂಕದ ರೈಲಿನ ಹಾಗೆ ಬುಸುಗುಟ್ಟುತ್ತಾ ನುಗ್ಗುತ್ತದೆ ಎಂದು ಅಪ್ಪ ಅದಕ್ಕೆ ಇಂಜಿನ್ ಎಂದು ಹೆಸರಿಟ್ಟಿದ್ದ. ಎರಡು ಸುತ್ತು ತಿರುಗಿದ ಕೊಂಬು, ನನ್ನ ಸೊಂಟಕ್ಕಿಂತ ದಪ್ಪ ಕುತ್ತಿಗೆ. ಹತ್ತಿರ ಹೋದರೆ ಉಣ್ಣೆ, ಗಂಜಲ, ಬೆಂದ ಹುರುಳಿ ಎಲ್ಲ ಬೆರೆತ ಬಿಸಿ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಮನೆಯ ಕೋಳಿಗಳು ಇಟ್ಟ ಮೊಟ್ಟೆಯೆಲ್ಲ ಅದಕ್ಕೇ. ನನಗೂ ಅಕ್ಕನಿಗೂ ಮುದ್ದೆ, ಸಾರು. ನಾನು ಅದನ್ನು ಕಂಡರೆ ಹೊಟ್ಟೆ ಉರಿದುಕೊಳ್ಳುತ್ತಿದ್ದೆ, ಅದು ನನ್ನತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮಳೆಗಾಲ ಹಿಡಿಯುವ ಮೊದಲು ಪಕ್ಕದೂರಿನವರ ಟಗರಿನ ಮೇಲೆ ಪಂದ್ಯ ನಿಗದಿಯಾಗಿತ್ತು. ಆ ಊರಿನವರು ಮೇವಿನಲ್ಲಿ ಏನಾದರೂ ಬೆರೆಸಿಬಿಟ್ಟಾರು ಎಂಬ ಭಯ ಅಪ್ಪನಿಗೆ. ಊರಿನಲ್ಲಿ ಕಲ್ಲಿನ ಗೋಡೆ, ಗಟ್ಟಿ ಬಾಗಿಲು, ಬೀಗ ಮೂರೂ ಇದ್ದದ್ದು ಶಾಲೆಗೆ ಮಾತ್ರ.

ಅಲ್ಲಿಗೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಶಾಲೆಯ ಮೂಲೆಯಲ್ಲಿ ಸೀಳು ಬಿಟ್ಟ ಒಂದು ಹಳೆಯ ಕಪ್ಪು ಹಲಗೆ ಬಿದ್ದಿತ್ತು. ಅಪ್ಪ ಅದರ ಹಿಂದೆ ಗೋಣಿಚೀಲ ಮಡಿಸಿ ಕಟ್ಟಿ, ಎದೆಗೆ ಒತ್ತಿ ಹಿಡಿದು, ಹಿಮ್ಮಡಿ ನೆಲಕ್ಕೆ ಊರಿ ನಿಲ್ಲುತ್ತಿದ್ದ. "ಬಾ ಇಂಜಿನ್, ಬಾ ನನ್ ರಾಜಾ" ಎಂದು ಕರೆದದ್ದೇ ತಡ, ಟಗರು ಹಿಂದೆ ಹಿಂದೆ ಹೆಜ್ಜೆ ಇಟ್ಟು, ತಲೆ ತಗ್ಗಿಸಿ ನುಗ್ಗಿ ಬರುತ್ತಿತ್ತು. ಧಡ್! ಹೆಂಚಿನಿಂದ ದೂಳು ಉದುರುತ್ತಿತ್ತು. ಅಕ್ಕ ನೀರಿನ ಕೊಡ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ನಾನು ಅವಳ ಲಂಗದ ಹಿಂದೆ. ಅಪ್ಪನ ಎದೆಯ ಮೇಲೆ ಹಲಗೆಯ ಅಂಚು ಒತ್ತಿದ ನೀಲಿ ಗೆರೆ ಆ ಬೇಸಿಗೆಯೆಲ್ಲ ಮಾಸಲಿಲ್ಲ. ಕಪ್ಪು ಹಲಗೆಯನ್ನು ಎದೆಗೆ ಹಿಡಿದು ನಿಂತವರನ್ನು ಗುದ್ದಬೇಕು ಎಂಬ ಒಂದೇ ಪಾಠವನ್ನು ಇಂಜಿನ್ ಆ ಶಾಲೆಯಲ್ಲಿ ಚೆನ್ನಾಗಿ ಕಲಿಯಿತು. ಏನು ಕಲಿಸುತ್ತಿದ್ದೇನೆ ಎಂಬುದು ಅಪ್ಪನಿಗೆ ಹೊಳೆಯಲೇ ಇಲ್ಲ.

ಶಾಲೆ ತೆರೆಯುವ ಹಿಂದಿನ ದಿನ ಊರಿಗೆ ಊರೇ ಸೇರಿ ಶಾಲೆಯನ್ನು ಅಣಿ ಮಾಡುವುದು ನಮ್ಮಲ್ಲಿ ವಾಡಿಕೆ. ಮಕ್ಕಳಿರುವ ಪ್ರತಿ ಮನೆಯಿಂದಲೂ ಒಂದು ಬುಟ್ಟಿ ಸಗಣಿ, ದುಡಿಯುವ ಒಂದು ಜೊತೆ ಕೈ ಬರಬೇಕು. ಬೆಳಗ್ಗೆಯೇ ಅಪ್ಪ ಇಂಜಿನ್ನನ್ನು ಹೊರಗೆ ತಂದು ಶಾಲೆಯ ಅಂಗಳದ ಅಂಚಿನ ಹುಣಸೆ ಮರಕ್ಕೆ ಕಟ್ಟಿದ. ಒಳಗಿನ ಅವಸ್ಥೆ ನೋಡಿ ಅವ್ವ ಅವನಿಗೆ ಚೆನ್ನಾಗಿಯೇ ಮಂಗಳಾರತಿ ಎತ್ತಿದಳು. ಹೆಂಗಸರು ಹಿಕ್ಕೆ ಗುಡಿಸಿ ಎಸೆದು, ನೆಲ ಸಾರಿಸಲು ಕೂತರು. ಗಂಡಸರು ಗೋಡೆಗೆ ಸುಣ್ಣ ಬಳಿದರು. ಹೊಸ ದೊಡ್ಡ ಕಪ್ಪು ಹಲಗೆಯೊಂದು ಬಂದಿತ್ತು, ಅದನ್ನು ನಿಲ್ಲಿಸಲು ಕಂಬ ನೆಡಬೇಕೆಂದು ಅಪ್ಪ ಅಂಗಳದ ಆಚೆ ತುದಿಯಲ್ಲಿ ಹಾರೆಯಿಂದ ಗುಂಡಿ ತೋಡುತ್ತಿದ್ದ. ಹಸಿ ಸಗಣಿ, ಹಸಿ ಸುಣ್ಣ ಎರಡೂ ಬೆರೆತ ಆ ವಾಸನೆಯೇ ನನಗೆ ಇವತ್ತಿಗೂ ಶಾಲೆ ಶುರುವಾಗುವ ವಾಸನೆ.

ಸ್ಲೇಟುಗಳನ್ನು ಅಣಿ ಮಾಡುವುದು ಮಕ್ಕಳ ಪಾಲಿನ ಕೆಲಸ. ಅಕ್ಕ ನಾಲ್ಕನೇ ತರಗತಿಗೆ ಹೋಗುವವಳು, ಹಾಗಾಗಿ ಅವಳೇ ಯಜಮಾನಿ. ಇದ್ದಿಲು ಕುಟ್ಟಿ, ತೊಂಡೆ ಸೊಪ್ಪಿನ ರಸದಲ್ಲಿ ಕಲೆಸಿ, ಸ್ಲೇಟಿಗೆ ಉಜ್ಜಿದರೆ ಅದು ಕಾಗೆಯಂತೆ ಮಿಂಚುತ್ತಿತ್ತು. ನಮ್ಮ ಕೈ, ಮೂಗು, ಅಂಗಿ ಎಲ್ಲವೂ ಕಪ್ಪು. ಉಜ್ಜಿದ ಮೇಲೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು, ಸ್ಲೇಟನ್ನು ಎದೆಗೆ ಹಿಡಿದು ಬಿಸಿಲಿಗೆ ಒಡ್ಡಬೇಕು. ನನ್ನದು ಹೊಚ್ಚ ಹೊಸ ಸ್ಲೇಟು. ಅದನ್ನು ಹಿಡಿದು ನಿಂತಾಗ ನನ್ನಂಥ ವಿದ್ಯಾವಂತ ಈ ಸೀಮೆಯಲ್ಲೇ ಇಲ್ಲ ಅನ್ನಿಸಿತ್ತು.

ಬಿಸಿಲು ಬರುತ್ತಿದ್ದದ್ದು ಹುಣಸೆ ಮರದ ಕಡೆಯಿಂದ.

ಇಂಜಿನ್ ಮೇಯುವುದನ್ನು ಬಿಟ್ಟು ತಲೆ ಎತ್ತಿತು. ಅದರ ಕಣ್ಣೆದುರು ಸಾಲು ಸಾಲು ಕಪ್ಪು ಹಲಗೆಗಳು, ಒಂದೊಂದರ ಹಿಂದೆ ಒಂದೊಂದು ಮಗು. ಅದು ಹಿಂದೆ ಹಿಂದೆ ಹೆಜ್ಜೆ ಇಟ್ಟದ್ದನ್ನು ಅಕ್ಕ ಮೊದಲು ಕಂಡಳು. "ಓಡ್ರೋ! ಸ್ಲೇಟ್ ಬಿಸಾಕಿ ಓಡ್ರೋ!" ಎಂದು ಕಿರುಚಿದಳು. ಅಷ್ಟರಲ್ಲಿ ಹಗ್ಗ ಪಟ್ಟನೆ ತುಂಡಾಯಿತು.

ಸಾಲಿನ ತುದಿಯಲ್ಲಿದ್ದ ಹುಡುಗನಿಗೆ ಮೊದಲ ಗುದ್ದು ಬಿತ್ತು. ಅವನು ಚೆಂಡಿನ ಹಾಗೆ ಹಾರಿ ಸುಣ್ಣದ ತೊಟ್ಟಿಯಲ್ಲಿ ಬಿದ್ದ. ನಗಬೇಡಿ, ಅವನ ಎರಡು ಹಲ್ಲು ಅಲ್ಲೇ ಉದುರಿದವು. ಸ್ಲೇಟು ಚೂರುಚೂರಾಗಿ ನಮ್ಮ ಮೇಲೆಲ್ಲ ಸಿಡಿಯಿತು, ಒಂದು ಚೂರು ನನ್ನ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿಯಿತು. ಇಬ್ಬರು ಗಂಡಸರು ದೊಡ್ಡ ಹಲಗೆಯನ್ನು ಎತ್ತಿಕೊಂಡು ಮೂಲೆ ತಿರುಗಿ ಬಂದರು, ಪಾಪ, ಅವರಿಗೇನೂ ಗೊತ್ತಿಲ್ಲ. ಟಗರು ಅದಕ್ಕೇ ನುಗ್ಗಿತು. ಹಲಗೆ ನಡುವೆ ಮುರಿದು, ಒಬ್ಬನ ಪಕ್ಕೆ ಮುರಿಯಿತು. ಇನ್ನೊಬ್ಬ ಗೋಡೆಗೆ ತಲೆ ಬಡಿದುಕೊಂಡು ಕುಸಿದ, ಪುಣ್ಯಕ್ಕೆ ಜೀವ ಉಳಿಯಿತು. ಹೊಸ ಸುಣ್ಣದ ಗೋಡೆಯ ಮೇಲೆ ಕೆಂಪು ಬಳಿದಂತಾಯಿತು. ಹೆಂಗಸರು ಸಗಣಿ ಕೈಯಲ್ಲೇ ಮಕ್ಕಳನ್ನು ಎಳೆದುಕೊಂಡು ಒಳಗೆ ಓಡಿದರು. ಹೊರಗೆ ಕೂಗಾಟ, ಅಳು, ದೂಳು.

ನಾನು ಮಾತ್ರ ಅಂಗಳದ ನಡುವೆ ನಿಂತೇ ಇದ್ದೆ. ಹೊಸ ಸ್ಲೇಟನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದೆ. ಇಂಜಿನ್ ತಿರುಗಿ ನನ್ನನ್ನು ನೋಡಿತು. ಬೇಸಿಗೆಯೆಲ್ಲ ನನ್ನತ್ತ ಕಣ್ಣೆತ್ತದಿದ್ದ ಟಗರು ಆಗ ನೋಡಿತು.

"ಎಸಿಯೋ! ಎಸಿಯೋ ಅದ್ನ!" ಅಕ್ಕ ಓಡಿ ಬಂದಳು. ನನ್ನ ಬೆರಳು ಸಡಿಲಾಗಲಿಲ್ಲ. ಅವಳು ಕೆನ್ನೆಗೆ ಒಂದು ಬಾರಿಸಿ ಸ್ಲೇಟನ್ನು ಕಿತ್ತುಕೊಂಡು, ನನ್ನನ್ನು ಒದ್ದು ಬೀಳಿಸಿದಳು. ಆಮೇಲೆ ಸ್ಲೇಟನ್ನು ತನ್ನ ಎದೆಗೆ ಹಿಡಿದು ಶಾಲೆಯ ಗೋಡೆಯ ಕಡೆಗೆ ಓಡಿದಳು. ಟಗರು ಅಷ್ಟರಲ್ಲಿ ಹಿಂದೆ ಹೆಜ್ಜೆ ಇಟ್ಟಾಗಿತ್ತು, ಇನ್ನು ಎಸೆದರೂ ಅದು ನನ್ನ ಮೇಲೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ದಿನಾ ನೀರಿನ ಕೊಡ ಹಿಡಿದು ನಿಂತು ನೋಡಿದವಳಲ್ಲವೇ? ಗೋಡೆಯ ಹತ್ತಿರ ನಿಂತು, ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಹಾರಬೇಕೆಂದು ಅಂದುಕೊಂಡಿದ್ದಳಂತೆ. ಹಾರಿದಳು ಕೂಡ. ಆದರೆ ಎಡಗೈ ಹಿಂದುಳಿಯಿತು. ಕೊಂಬಿಗೂ ಗೋಡೆಗೂ ನಡುವೆ ಆ ಕೈ ಸಿಕ್ಕಿದ ಸದ್ದು ಒಣ ಕಟ್ಟಿಗೆ ಮುರಿದಂತಿತ್ತು. ಅವಳು ಹಾಗೆಯೇ ಗೋಡೆಗೆ ಒರಗಿ ಕೂತಳು. ಒಡೆದ ಸ್ಲೇಟು ಅವಳ ಮಡಿಲಲ್ಲೇ ಇತ್ತು.

ಟಗರು ಮತ್ತೆ ಹಿಂದೆ ಹಿಂದೆ ಹೆಜ್ಜೆ ಇಟ್ಟಿತು. ಎರಡನೇ ಗುದ್ದು ಅವಳ ಎದೆಗೇ ಎಂದು ನನಗೂ ಅರ್ಥವಾಯಿತು. ಅಪ್ಪ ಗುಂಡಿಯ ಕಡೆಯಿಂದ ಓಡಿ ಬರುತ್ತಿದ್ದ. ಇನ್ನೂ ದೂರವಿದ್ದ. ಓಡಿದರೂ ತಲುಪಲಾರೆ ಎಂದು ಅವನಿಗೆ ಗೊತ್ತಾಗಿರಬೇಕು. ಇದ್ದಕ್ಕಿದ್ದಂತೆ ನಿಂತು, ದಿನಾ ಕರೆಯುವ ಅದೇ ಮೆತ್ತನೆಯ ದನಿಯಲ್ಲಿ ಕರೆದ.

"ಇಂಜಿನ್... ಬಾ ನನ್ ರಾಜಾ, ಇಲ್ ಬಾ."

ಟಗರು ತಲೆ ಎತ್ತಿತು. ಅಕ್ಕನನ್ನು ಬಿಟ್ಟು ಅಪ್ಪನ ಕಡೆಗೆ ಕುಣಿಯುತ್ತಾ ಹೋಯಿತು. ಮೊಟ್ಟೆ ಕೊಡುತ್ತಾನೆಂದು ಅವನ ತೊಡೆಗೆ ಮೂತಿ ಉಜ್ಜಿತು. ಅಪ್ಪ ಎಡಗೈಯಿಂದ ಅದರ ಹಣೆ ಸವರಿದ. ಬಲಗೈಯಲ್ಲಿ ಹಾರೆ ಇತ್ತು.

ಒಂದೇ ಏಟಿಗೆ ಅದು ಸಾಯಲಿಲ್ಲ. ಸುಳ್ಳು ಹೇಳಿ ಏನು ಪ್ರಯೋಜನ? ಅಪ್ಪ ಮತ್ತೆ ಮತ್ತೆ ಹೊಡೆದ. ಹೊಡೆಯುತ್ತಾ ಅಳುತ್ತಿದ್ದ, ಅಳುತ್ತಾ ಅದಕ್ಕೆ ಬೈಯುತ್ತಿದ್ದ. ಅಷ್ಟು ದೊಡ್ಡ ಗಂಡಸು ಬಾಯಿಬಿಟ್ಟು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಟಗರಿಗಿಂತ ಅಪ್ಪನನ್ನು ಕಂಡೇ ನನಗೆ ಹೆಚ್ಚು ಹೆದರಿಕೆಯಾಯಿತು.

ಅಕ್ಕನನ್ನು ಹೆಗಲ ಮೇಲೆ ಹಾಕಿಕೊಂಡು ಅಪ್ಪ ಯಲಹಂಕಕ್ಕೆ ಹೋದ. ರಕ್ತ ಒರೆಸಿಕೊಳ್ಳುತ್ತಾ ಹಿಂದೆ ನಾನೂ ಓಡಿದೆ. ಅಲ್ಲಿ ಮೂಳೆ ಕೂಡಿಸುವ ಒಬ್ಬ ಮುದುಕರಿದ್ದರು. ಮನೆಯವರ ಹತ್ತಿರ ಉರ್ದು, ಬಂದವರ ಹತ್ತಿರ ಅರ್ಧ ಕನ್ನಡ. "ರೋನಾ ನಕ್ಕೋ ಬೇಟಿ, ಅಳ್ಬೇಡ. ಸ್ವಲ್ಪ ಆ ಕಡೆ ನೋಡು" ಎಂದು ಅಕ್ಕನ ಗಮನ ತಪ್ಪಿಸಿ, ಕೈಯನ್ನು ಜಗ್ಗಿ ಎಳೆದರು. ಅಕ್ಕ ಅಪ್ಪನ ಹೆಗಲನ್ನು ಕಚ್ಚಿ ಹಿಡಿದಳು. ರಕ್ತ ಬಂದರೂ ಅಪ್ಪ ಅಲುಗಾಡಲಿಲ್ಲ. ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಲೋಳೆ ಸವರಿದ ಬಟ್ಟೆ ಸುತ್ತಿ ಕಟ್ಟಿದರು. ನಾವು ಊರಿಗೆ ಮರಳುವಷ್ಟರಲ್ಲಿ ಜನ ಟಗರಿನ ಮಾಂಸ ಹಂಚಿಕೊಂಡಾಗಿತ್ತು. ನಮ್ಮ ಪಾಲನ್ನು ಎಲೆಯಲ್ಲಿ ಕಟ್ಟಿ ಬಾಗಿಲಲ್ಲಿಟ್ಟಿದ್ದರು. ಅವ್ವ ಅದನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಳು.

ಮರುದಿನ ಶಾಲೆ. "ಕೈ ಸರಿಯಾಗೋಗಂಟ ಮನೇಲಿರು" ಎಂದ ಅಪ್ಪ. "ನಾನ್ ಓಗ್ಬೇಕು. ಬರಿಯೋ ಕೈ ನೆಟ್ಟಗೈತೆ" ಎಂದಳು ಅಕ್ಕ. ಅಪ್ಪ ಅವಳನ್ನು ಎತ್ತಿಕೊಂಡ. ಮೇಷ್ಟ್ರು ಅಷ್ಟು ಹೊತ್ತಿಗೆ ಬಂದು ಅಂಗಳದಲ್ಲಿ ನಿಂತಿದ್ದರು. ಮುರಿದ ಹಲಗೆ, ಅರ್ಧ ಬಳಿದ ಗೋಡೆ, ಅದರ ಮೇಲಿನ ಕಲೆ, ತಲೆಗೆ ಕೈಗೆ ಪಟ್ಟಿ ಕಟ್ಟಿಕೊಂಡ ಮಕ್ಕಳು ಎಲ್ಲವನ್ನೂ ನೋಡಿ ಅವರ ಮುಖ ಕೆಂಡವಾಗಿತ್ತು. ಕೈಯಲ್ಲಿ ಹೊಸ ಬೆತ್ತ. ಅಪ್ಪ ಅಕ್ಕನನ್ನು ಇಳಿಸಿ, ನೇರವಾಗಿ ಅವರ ಎದುರು ಹೋಗಿ ಅಂಗೈ ಚಾಚಿದ.

"ತೆಪ್ಪು ಮಾಡ್ದೋರ್ಗೆಲ್ಲ ಒಡೀತೀರಲ್ಲ ಮೇಷ್ಟ್ರೇ. ನಂಗೂ ಒಡೀರಿ."

ಮೇಷ್ಟ್ರು ಹೊಡೆಯುವುದಿಲ್ಲ ಎಂದುಕೊಂಡೆ. ಹೊಡೆದರು. ಜೋರಾಗಿಯೇ ಹೊಡೆದರು. ಅಂಗೈ ಮೇಲೆ ಕೆಂಪು ಬರೆ ಎದ್ದಿತು. ಆಮೇಲೆ ಬೆತ್ತವನ್ನು ಕೆಳಗಿಟ್ಟು, "ಮಕ್ಕಳನ್ನ ಒಳಗೆ ಕಳ್ಸಪ್ಪಾ" ಎಂದರು. ನಾವು ಒಳಗೆ ಹೋಗಿ ಕೂತೆವು. ಅಪ್ಪ ಅವತ್ತು ಹೊಲಕ್ಕೆ ಹೋಗಲಿಲ್ಲ. ಶಾಲೆಯ ಕಿಟಕಿಯ ಕೆಳಗೆ, ಬಿಸಿಲಲ್ಲಿ, ಸಂಜೆಯ ಗಂಟೆ ಬಾರಿಸುವ ತನಕ ಕೂತಿದ್ದ.

ಈಗ ನಿಮ್ಮ ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಸಂಜಯನಗರದ ಮನೆಗೆ ಡಬ್ಬಿ ಡಬ್ಬಿಗಳಲ್ಲಿ ಸಾಮಾನು ಬರುತ್ತದೆ. ಬೂಟು, ಬ್ಯಾಗು, ಹೆಸರು ಅಂಟಿಸಿದ ನೀರಿನ ಬಾಟಲಿ. ಯಾವ ದಿನ ಏನು ತರಬೇಕೆಂದು ನಿಮ್ಮಮ್ಮನ ಮೊಬೈಲಿಗೆ ಮೆಸೇಜು. ಸ್ಲೇಟೂ ಇಲ್ಲ, ಸಗಣಿಯೂ ಇಲ್ಲ. ನಿಮ್ಮ ಮೇಲೆ ಯಾರೂ ಬೆತ್ತ ಎತ್ತುವ ಹಾಗಿಲ್ಲ, ಅದಕ್ಕೆ ನನಗೆ ನಿಜವಾಗಿಯೂ ಸಂತೋಷ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ಕೊಚ್ಚಿಕೊಳ್ಳುವ ಮುದುಕ ನಾನಲ್ಲ.

ಆದರೂ ಒಂದು ಮಾತು. ಈ ವರ್ಷ ಮೊದಲ ದಿನ ನಾನೂ ನಿಮ್ಮ ಜೊತೆ ಕಾರಿನಲ್ಲಿ ಬಂದಿದ್ದೆನಲ್ಲ. "ಅಪ್ಪಾ, ನೀನ್ ಗೇಟ್ ಹತ್ರ ನಿಂತ್ಕೋಬೇಡ, ಫ್ರೆಂಡ್ಸ್ ನಗ್ತಾರೆ" ಎಂದು ನಿಮ್ಮಪ್ಪನಿಗೆ ಮುಖ ಗಂಟಿಕ್ಕಿಕೊಂಡು ಹೇಳಿ, ಹಿಂತಿರುಗಿ ನೋಡದೆ ಒಳಗೆ ಓಡಿದಿರಿ. ಸರಿ, ಹೊರಡೋಣ ಎಂದು ನಾನು ಕಾರಿನ ಬಾಗಿಲು ತೆರೆದೆ. ನಿಮ್ಮಪ್ಪ ಬರಲಿಲ್ಲ. "ನೀವ್ ಕೂತಿರಿ ಅಪ್ಪ, ಐದ್ ನಿಮಿಷ" ಎಂದು ರಸ್ತೆಯ ಆಚೆ, ನಿಮಗೆ ಕಾಣದ ಹಾಗೆ ಮರದ ಮರೆಗೆ ಹೋದ. ಆಫೀಸಿನಿಂದ ಫೋನ್ ಬಂದರೆ ಕಟ್ ಮಾಡಿದ, ಮತ್ತೆ ಬಂದರೆ ಮತ್ತೆ ಕಟ್ ಮಾಡಿದ. ನಿಮ್ಮ ತರಗತಿಯ ಕಿಟಕಿ ಯಾವುದೆಂದು ಅವನಿಗೂ ಗೊತ್ತಿರಲಿಲ್ಲ, ಎಲ್ಲ ಕಿಟಕಿಗಳನ್ನೂ ನೋಡುತ್ತಾ ನಿಂತಿದ್ದ. ನಾನು ಕಾರಿನಿಂದ ಇಳಿದು ಹೋಗಿ ಅವನ ಪಕ್ಕದಲ್ಲಿ ನಿಂತುಕೊಂಡೆ.