ಗದಿಗೆಪ್ಪನವರ ಮೂಗು

ಖಡಕಿಯ ಗ್ಯಾರೇಜಿನ ಗದಿಗೆಪ್ಪನವರಿಗೆ ದೇವರು ಕೊಟ್ಟಿದ್ದು ಮೂಗಲ್ಲ, ಸಾಕ್ಷಾತ್ ಪ್ರಯೋಗಶಾಲೆ. ಯಾವ ಕಾರು ಬಂದರೂ ಸೈಲೆನ್ಸರಿನ ಹಿಂದೆ ಮಂಡಿಯೂರಿ, ಆರತಿ ತೆಗೆದುಕೊಳ್ಳುವವರ ಹಾಗೆ ಹೊಗೆಯನ್ನು ಅಂಗೈಯಿಂದ ಮುಖಕ್ಕೆ ಎಳೆದುಕೊಂಡು, "ಪೆಟ್ರೋಲ್ ಭಾಳ ಕುಡೀಲಿಕ್ಕತ್ತದರಿ" ಎಂದು ತೀರ್ಪು ಕೊಡುತ್ತಾರೆ. ಹೊಗೆಯೊಳಗಿನ ಆಕ್ಸಿಜನ್ ಅಳೆದು ಅದನ್ನೇ ಹೇಳುವ ಸೆನ್ಸರ್ ಹಿಡಿದು ಬಂದವರ ಗತಿ ಕೇಳಬೇಡಿ. ಐಟಿ ಹುಡುಗನೊಬ್ಬ "ಸರ್, ಇದು ಕರೆಕ್ಟಾಗಿ ತೋರಿಸುತ್ತೆ" ಎಂದರೆ, "ಹೌದೇನ್ರಿ ಸಾಹೇಬ್ರ, ಹಂಗಾರ ಅದರ ಕೈಯಾಗ ಪಾನಾ-ಸ್ಪ್ಯಾನರ್ ಕೊಡ್ರಿ, ತಾನ ಕೂಡ್ತದ" ಎಂದು ಹಂಗಿಸುತ್ತಲೇ ಹೊಗೆಕೊಳವೆಗೆ ತೂತು ಕೊರೆದು, ಕೊಳವೆಯೊಳಗೆ ಹನಿಗಟ್ಟುವ ನೀರು ತಾಗದಂತೆ ಓರೆಯಾಗಿ ಅದನ್ನು ಕೂಡಿಸುತ್ತಾರೆ. ಆಮೇಲೆ ಎಂಜಿನ್ ಚಾಲೂ ಮಾಡಿಸಿ, ಸೆನ್ಸರಿನ ಮೀಟರನ್ನು ಕಡೆಗಣ್ಣಿನಲ್ಲಿ ನೋಡಿಕೊಂಡೇ ಮಂಡಿಯೂರುತ್ತಾರೆ. ಹೋದ ವರ್ಷದ ಜ್ವರದಲ್ಲಿ ಅವರಿಗೆ ವಾಸನೆ ತಿಳಿಯುವುದೇ ನಿಂತುಹೋಗಿದೆಯೆಂದು ಬಲ್ಲವಳು ಹೆಂಡತಿ ಶೈಲಾ ಒಬ್ಬಳೇ. ಮೊನ್ನೆ ಗ್ಯಾರೇಜಿನ ಹಿಂದಿನ ಮನೆಯೊಳಗೆ ಹಾಲು ಹೊತ್ತಿ ಗಿರಾಕಿಗಳೆಲ್ಲ ಮೂಗು ಮುಚ್ಚಿಕೊಂಡರೂ ಗದಿಗೆಪ್ಪನವರು ಹಾಯಾಗಿ ಹೊಗೆ ಎಳೆಯುತ್ತಿದ್ದರು. ಶೈಲಾ ಬಾಗಿಲಿಗೆ ಬಂದು, ಎಲ್ಲರಿಗೂ ಕೇಳುವಂತೆ, "ಬೈಬ್ಯಾಡ್ರಿ, ಹಾಲು ಹೊತ್ತಿದ್ದು ನನಗೂ ಗೊತ್ತಾಗ್ಯದ" ಎಂದಳು. ಗದಿಗೆಪ್ಪನವರು ತಲೆಯೆತ್ತಿ ಮೂಗು ಅರಳಿಸಿ, "ನನಗ ಆಗಲೇ ವಾಸನಿ ಬಂದಿತ್ತು, ನಿನ್ನ ಲಕ್ಷ್ಯ ಎಲ್ಲಿತ್ತು?" ಎಂದು ಗದರಿದರು.