ಹುಲ್ಲು ಹುಟ್ಟದ ಹಿತ್ತಲು

ನ್ಯೂಜೆರ್ಸಿಯ ನಮ್ಮ ಕೊರಿಯನ್ ಬೀದಿಯಲ್ಲಿ ಓಕ್‌ಸಿಮ್‌ಳ ಡ್ರೈಕ್ಲೀನಿಂಗ್ ಅಂಗಡಿಯನ್ನು ಯಾರೂ ಬೋರ್ಡಿನ ಹೆಸರಿನಿಂದ ಕರೆಯುತ್ತಿರಲಿಲ್ಲ. ಕಿಮ್ಚಿ ಅಂಗಡಿ ಎನ್ನುತ್ತಿದ್ದರು. ಮುಂಬಾಗಿಲಲ್ಲಿ ಕೋಟು ಕೊಟ್ಟವರು ಹಿಂಬಾಗಿಲಲ್ಲಿ ಎಲೆಕೋಸಿನ ಆ ಹುಳಿ ಉಪ್ಪಿನಕಾಯಿಯನ್ನು ಡಬ್ಬಿಗೆ ತುಂಬಿಸಿಕೊಂಡು ಹೋಗುತ್ತಿದ್ದರು. ಚಳಿಗಾಲಕ್ಕೆ ಮುಂಚೆ ಚರ್ಚಿನ ಹೆಂಗಸರೆಲ್ಲ ಅವಳ ಹಿತ್ತಲಲ್ಲಿ ಸೇರಿ, ಎಲೆಕೋಸಿಗೆ ಉಪ್ಪು ಮೆಣಸಿನಪುಡಿ ಸವರಿ, ಕತ್ತಿನವರೆಗೆ ನೆಲದಲ್ಲಿ ಹೂತ ಮಣ್ಣಿನ ಜಾಡಿಗಳಿಗೆ ತುಂಬುವರು. ಫ್ರಿಜ್ಜಿನಲ್ಲಿಟ್ಟದ್ದನ್ನು ಓಕ್‌ಸಿಮ್ ಕಿಮ್ಚಿ ಎಂದೇ ಒಪ್ಪುತ್ತಿರಲಿಲ್ಲ. ಜಾಡಿ ಉಸಿರಾಡಬೇಕು, ನೆಲದ ತಂಪು ಒಳಗಿಳಿಯಬೇಕು ಎನ್ನುವುದು ಅವಳ ಹಟ.

ಜಾಗವನ್ನು ಆರಿಸಿದ್ದೂ ಅವಳೇ. ಅಂಗಡಿ ಕೊಂಡ ಹೊಸತರಲ್ಲಿ ಹಿತ್ತಲೆಲ್ಲ ಸುತ್ತಿ ನೋಡಿದರೆ, ಹಿಂಬಾಗಿಲ ಪಕ್ಕ ಚಾಪೆಯಗಲದ ನೆಲದಲ್ಲಿ ಒಂದು ಹುಲ್ಲೂ ಇಲ್ಲ, ಎರೆಹುಳವೂ ಇಲ್ಲ. ಇಷ್ಟು ಚೊಕ್ಕ ಮಣ್ಣು ಇನ್ನೆಲ್ಲಿ ಸಿಕ್ಕೀತು ಎಂದು ಹಿಗ್ಗಿದಳು. ಕೆಲಸ ಕಲಿಸಲೆಂದು ಸ್ವಲ್ಪ ದಿನ ಉಳಿದಿದ್ದ ಹಳೆಯ ಮಾಲೀಕ ಮಷೀನಿನ ಕಪ್ಪು ಗಸಿಯನ್ನು ಅಲ್ಲೇ ಚೆಲ್ಲುತ್ತಿದ್ದ. ಅವನು ಹೋದ ಮೇಲೆ ಅವಳ ಗಂಡನೂ ಜಾಡಿ ಹೂಳುವವರೆಗೆ ಹಾಗೇ ಮಾಡಿದ. ಬಟ್ಟೆಯ ಕೊಳೆ ತೆಗೆಯುವ ಕೆಮಿಕಲ್ಲು ಮಣ್ಣನ್ನು ಕೆಡಿಸೀತೆಂದು ಯಾರಿಗೆ ಹೊಳೆಯಬೇಕು? ಹೊಳೆದಿದ್ದರೆ ನಾವ್ಯಾರೂ ಆ ಕಿಮ್ಚಿಗೆ ಮುಗಿಬೀಳುತ್ತಿರಲಿಲ್ಲ.

ಗಂಡ ತೀರಿಕೊಂಡ. ಇಸ್ತ್ರಿ ಉಜ್ಜಿ ಉಜ್ಜಿ ಓಕ್‌ಸಿಮ್‌ಳ ಭುಜ ಕೈಕೊಟ್ಟಿತು. ಕಟ್ಟಡ ಸಮೇತ ಅಂಗಡಿ ಮಾರಿ ಸುಮ್ಮನೆ ಕೂರಬೇಕು ಅನ್ನಿಸಿತು, ಕೊಳ್ಳುವವನೂ ಸಿಕ್ಕ. ಆದರೆ ಮಣ್ಣಿನ ಮಾಲಿನ್ಯಕ್ಕೆ ವಿಮೆ ಇಲ್ಲದೆ ಅವನಿಗೆ ಸಾಲ ಕೊಡುವುದಿಲ್ಲವೆಂದು ಬ್ಯಾಂಕು ಪಟ್ಟು ಹಿಡಿಯಿತು. ಹಾಗಾಗಿ ವಿಮೆ ಮಾಡಿಸುವ ಹೆನ್ರಿ ಪ್ಯೊ ಒಂದು ಬೆಳಿಗ್ಗೆ ಅಂಗಡಿಗೆ ಬಂದ.

"ಅಮ್ಮಾವ್ರೇ, ನಾಡಿದ್ದು ಕಂಪನಿಯವನು ನೋಡೋಕೆ ಬರ್ತಾನೆ. ಆ ಕೆಮಿಕಲ್ಲು ಮಣ್ಣಿಗಿಳಿದ್ರೆ ಶುದ್ಧ ವಿಷ. ನಿಮ್ಮಲ್ಲೇನೂ ಚೆಲ್ಲಿಲ್ಲ ತಾನೆ?"

ಓಕ್‌ಸಿಮ್ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟಳು.

"ಚೆಲ್ಲಿದ್ರೆ?"

"ಚೆಲ್ಲಿದ್ದು ನಿಮಗೆ ಗೊತ್ತಿದ್ರೆ ವಿಮೆ ಇಲ್ಲ. ಗೊತ್ತಿಲ್ದೆ ಇದ್ದು ಆಮೇಲೆ ಹೊರಗೆ ಬಿದ್ರೆ ಮಣ್ಣು ತೆಗೆಸೋದು, ಕೋರ್ಟು ಕಚೇರಿ, ಎಲ್ಲಾ ಕಂಪನಿ ತಲೆ ಮೇಲೆ."

"ಅಂದ್ರೆ ಏನೂ ತಿಳೀದ ದಡ್ಡರಿಗೆ ಮಾತ್ರ ವಿಮೆ ಅನ್ನು."

"ಹಾಗೇ ಅಂದ್ಕೊಳ್ಳಿ."

"ಪ್ಯೊ, ಆ ಜಾಡಿ ಹೂತಿರೋ ಕಡೆ ಇದ್ಯಲ್ಲ..."

ಪ್ಯೊ ಎರಡೂ ಕಿವಿ ಮುಚ್ಚಿಕೊಂಡ. "ನನ್ ಹತ್ರ ಹೇಳ್ಬೇಡಿ! ಜಾಡಿ ಎತ್ಸಿ, ಗುಂಡಿ ಮುಚ್ಸಿ, ಬಾಯಿಗೆ ಬೀಗ ಹಾಕ್ಕೊಳ್ಳಿ. ಇಲ್ಲಾಂದ್ರೆ ಕಟ್ಟಡ ಮಾರಿದ್ರೂ ಆ ಮಣ್ಣಿನ ಖರ್ಚಿಗೆ ಸಾಲಲ್ಲ. ಸಾಯೋವರೆಗೂ ಇಸ್ತ್ರಿ ಉಜ್ತಾ ಇರ್ತೀರಿ."

ಅವನು ಹೋದ ಮೇಲೆ ಓಕ್‌ಸಿಮ್ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು. ಆ ಜಾಡಿಯಿಂದ ಉಂಡವರ ಮುಖಗಳೆಲ್ಲ ಒಂದೊಂದಾಗಿ ಕಣ್ಣೆದುರು ಬಂದವು, ಗಂಡನದೂ ಬಂತು. ಅಷ್ಟರಲ್ಲಿ ಗೆಳತಿ ಗಿಲ್‌ಜಾ ಹಿಂಬಾಗಿಲಿಂದ ನುಗ್ಗಿದಳು. ಕೈಯಲ್ಲಿ ಓಕ್‌ಸಿಮ್‌ಳದೇ ಡಬ್ಬಿ, ಅದರ ತುಂಬ ಸಿಹಿಗುಂಬಳದ ಗಂಜಿ. ಪಡೆದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ.

"ಅಕ್ಕಾ, ಬಸುರಿ ಸೊಸೆಗೆ ಏನೂ ಸೇರ್ತಿಲ್ಲ ಕಣೆ. ನಿನ್ನ ಹುಳಿ ಕಿಮ್ಚಿ ಇದ್ರೆ ಮಾತ್ರ ಒಂದು ಬಟ್ಟಲು ಅನ್ನ ಇಳಿಯುತ್ತೆ. ಹುಟ್ಟೋ ಮಗು ನನ್ನ ಬಿಟ್ಟು ನಿನ್ನನ್ನೇ ಅಜ್ಜಿ ಅನ್ನುತ್ತೆ, ನೋಡ್ತಿರು!"

"ಸಂಜೆ ನಾನೇ ತಂದುಕೊಡ್ತೀನಿ, ಹೋಗು," ಎಂದಳು ಓಕ್‌ಸಿಮ್.

ಆಗಲೇ ಬಾಯಿಬಿಡಬಹುದಿತ್ತು. ಬಿಡಲಿಲ್ಲ. ಮಾರ್ಕೆಟ್ಟಿಗೆ ಹೋಗಿ ಪ್ಯಾಕೆಟ್ ಕಿಮ್ಚಿ ತಂದು, ಅದೇ ಡಬ್ಬಿಗೆ ಸುರಿದು, ಮೇಲೊಂದಿಷ್ಟು ತನ್ನ ಮೆಣಸಿನಪುಡಿ ಉದುರಿಸಿ ಗಿಲ್‌ಜಾಳ ಮನೆಗೆ ಮುಟ್ಟಿಸಿದಳು. ವಿಷವೂ ತಪ್ಪಿತು, ಗುಟ್ಟೂ ಉಳಿಯಿತು ಅಂದುಕೊಂಡಳು ಪಾಪ. ಅವಳ ಕೈರುಚಿಗೆ ಅಷ್ಟು ವರ್ಷ ನಾಲಿಗೆ ಪಳಗಿಸಿಕೊಂಡವರನ್ನು ಪ್ಯಾಕೆಟ್ಟಿನಲ್ಲಿ ಏಮಾರಿಸಲು ಆಗುತ್ತದೆಯೇ?

ಮರುದಿನ ಬೆಳಿಗ್ಗೆಯೇ ಗಿಲ್‌ಜಾಳ ಫೋನು.

"ಏನಕ್ಕಾ, ಮಾರ್ಕೆಟ್ ಮಾಲು ತಂದುಕೊಡ್ತೀಯ? ಅಷ್ಟು ಜಿಪುಣಿ ಆದ್ಯಾ? ಸೊಸೆ ಒಂದು ತುತ್ತಿಗೇ ತಟ್ಟೆ ತಳ್ಳಿಬಿಟ್ಲು. ಪುಣ್ಯಕ್ಕೆ ಇನ್ನೊಂದು ಡಬ್ಬಿ ತಳದಲ್ಲಿ ನಿಂದೇ ಸ್ವಲ್ಪ ಉಳಿದಿತ್ತು. ರಾತ್ರಿ ಅದ್ರಲ್ಲೇ ಉಂಡ್ಲು."

"ಗಿಲ್‌ಜಾ, ಅದನ್ನ ಎಸಿ. ಅವಳಿಗೆ ಕೊಡ್ಬೇಡ." ಗಸಿ ಚೆಲ್ಲಿದ್ದು, ಹುಲ್ಲು ಹುಟ್ಟದ ನೆಲ, ಪ್ಯೊ ಹೇಳಿದ್ದು, ಎಲ್ಲವನ್ನೂ ಓಕ್‌ಸಿಮ್ ಒಂದೇ ಉಸಿರಿಗೆ ಒದರಿದಳು.

ಆ ಕಡೆ ಗಿಲ್‌ಜಾ ಡಬ್ಬಿಯ ಮುಚ್ಚಳ ಒತ್ತಿ ಹಾಕಿದ ಸದ್ದು ಕೇಳಿಸಿತು.

"ಅಂದ್ರೆ ನಿನ್ನೆ ಮಾರ್ಕೆಟ್ಟಿಂದ ತರ್ಬೇಕಾದ್ರೇನೇ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ದೆ."

ಫೋನು ಕಟ್ಟಾಯಿತು.

ಅದರ ಮರುದಿನ ಕಂಪನಿಯವನು ಬಂದ. ಪ್ಯೊ ಹಿಂದೆ ನಿಂತು ಕಣ್ಸನ್ನೆ ಮಾಡಿದ್ದೇ ಮಾಡಿದ್ದು. ಓಕ್‌ಸಿಮ್ ಅವನತ್ತ ನೋಡಲೂ ಇಲ್ಲ. ಬಂದವನನ್ನು ನೇರ ಹಿತ್ತಲಿಗೆ ಕರೆದೊಯ್ದು, ಜಾಡಿಗಳ ಬಾಯಿ ತೋರಿಸಿ, "ಇಲ್ಲೇ ತೋಡಿ," ಎಂದಳು. ವಿಮೆ ಸಿಗಲಿಲ್ಲ. ಕೊಳ್ಳುವವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆ ಭುಜದಲ್ಲೇ ಅವಳು ಇವತ್ತಿಗೂ ನಮ್ಮ ಶರ್ಟುಗಳನ್ನು ಉಜ್ಜುತ್ತಿದ್ದಾಳೆ. ಕಿಮ್ಚಿಗೆ ವಿಷ ಇಳಿದಿತ್ತೋ ಇಲ್ಲವೋ, ಮಗುವಿಗೆ ಏನಾದರೂ ಆದೀತೋ, ಈಗಲೇ ಹೇಳಲಾರೆವು ಎಂದರಂತೆ ಡಾಕ್ಟರು.

ಅದಾದ ಭಾನುವಾರ ಅವಳು ಚರ್ಚಿನಿಂದ ಬರುವಷ್ಟರಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ, ಗಿಲ್‌ಜಾಳ ಮನೆಯಲ್ಲಿದ್ದ ಅವಳ ಎರಡೂ ಡಬ್ಬಿಗಳಿದ್ದವು. ಚೆನ್ನಾಗಿ ತಿಕ್ಕಿ ತೊಳೆದಿದ್ದರು. ಓಕ್‌ಸಿಮ್ ಅಲ್ಲೇ ಕೂತು ಒಂದರ ಮುಚ್ಚಳ ತೆಗೆದಳು, ಆಮೇಲೆ ಇನ್ನೊಂದರದು. ಎರಡರಲ್ಲೂ ಏನೂ ಇರಲಿಲ್ಲ.